ಎರಡನೆಯ ಸಲ ಕೇಳುವ ಯಂತ್ರ

ಮಗಳು ಹುಟ್ಟಿ ನಲವತ್ತು ದಿನವಾಗಿತ್ತು. ಲಿಯೋನೆಲ್ ಅವಳ ಮುಖ ನೋಡಿದ್ದು ಒಟ್ಟು ಅರ್ಧ ಗಂಟೆ. ಅದಕ್ಕೆ ಕಾರಣ ಹೆಂಡತಿಯೂ ಅಲ್ಲ, ಅತ್ತೆಯೂ ಅಲ್ಲ. ಮಣಿಪಾಲದ ಕಾಲೇಜೊಂದರ ಕಂಪ್ಯೂಟರ್ ಕೋಣೆಯಲ್ಲಿ ಬಿದ್ದಿದ್ದ ಆರುನೂರು ಪುಟದ ಒಂದು ಪುಸ್ತಕ.

ಅದು ಸಾವಿರದ ಒಂಬೈನೂರ ಎಂಬತ್ತೇಳು. ಕಾಲೇಜಿನ ಕಂಪ್ಯೂಟರನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ಹೊರದೇಶದ ಯಾವುದೋ ವಿಶ್ವವಿದ್ಯಾಲಯದಿಂದ ಟೇಪಿನಲ್ಲಿ ಧರ್ಮಕ್ಕೆ ಬಂದಿತ್ತು. ಜೊತೆಗೊಂದು ಚೀಟಿ: 'ಇದು ಎಲ್ಲರದು. ಒಳಗೆ ಬರೆದಿರುವುದನ್ನು ಓದಿ, ಬೇಕಾದಂತೆ ತಿದ್ದಿ, ಇನ್ನೊಬ್ಬರಿಗೂ ಕೊಡಿ.' ಎಂಥ ಉದಾರಿಗಳು! ಆದರೆ ಬಳಸುವುದು ಹೇಗೆ ಎಂದು ತಿಳಿಸುವ ಪುಸ್ತಕವನ್ನು ಮಾತ್ರ ಗೊತ್ತಿದ್ದವರು ಗೊತ್ತಿದ್ದವರಿಗಾಗಿಯೇ ಬರೆದಿದ್ದರು. ಇಡೀ ಕಾಲೇಜಿನಲ್ಲಿ ಅದನ್ನು ಅರಗಿಸಿಕೊಂಡವನು ಆಪರೇಟರ್ ಲಿಯೋನೆಲ್ ಒಬ್ಬನೇ. ಹಾಗಾಗಿ ಒಂದು ಪತ್ರ ಅಚ್ಚಾಗಬೇಕಿದ್ದರೂ "ಲಿಯೋನೆಲ್ ಎಲ್ಲಿ?" ಎಂಬ ಕೂಗು ಏಳುತ್ತಿತ್ತು. ಅವನಿಗೆ ರಜೆ ಎಂಬುದು ಕ್ಯಾಲೆಂಡರಿನ ಕೆಂಪು ಅಂಕಿ ಮಾತ್ರವಾಗಿತ್ತು.

ಹೆಂಡತಿ ಪ್ರೆಸಿಲ್ಲಾ ಬಾಣಂತನಕ್ಕೆ ಕಾರ್ಕಳದ ತವರಿನಲ್ಲಿದ್ದಳು. ಭಾನುವಾರ ಚರ್ಚಿನಲ್ಲಿ ಮಗುವಿನ ಬ್ಯಾಪ್ಟಿಸಂ, ಹೆಸರಿಡುವ ಶಾಸ್ತ್ರ. 'ಅಪ್ಪ ಇಲ್ಲದೆ ಆಗುವುದಾದರೆ ಹಾಗೇ ಮಾಡುತ್ತೇವೆ' ಎಂದು ಅವಳು ಕಾರ್ಡು ಬರೆದಿದ್ದಳು. ಲಿಯೋನೆಲ್ ಕಾರ್ಡು ಹಿಡಿದುಕೊಂಡು ವಿಭಾಗದ ಮುಖ್ಯಸ್ಥ ಪ್ರೊಫೆಸರ್ ಸರ್ವೋತ್ತಮರ ಮುಂದೆ ನಿಂತ. ಹನ್ನೆರಡು ವರ್ಷ ಹೊರದೇಶದಲ್ಲಿದ್ದು ಬಂದ ಸರ್ವೋತ್ತಮರಿಗೆ ಸುತ್ತುಬಳಸು ಗೊತ್ತಿರಲಿಲ್ಲ.

"ನೀನಿಲ್ಲದೆ ಮಷೀನ್ ನಡೆಯುವ ಹಾಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆ. ಶುಕ್ರವಾರ ಮೂರೂವರೆಗೆ ಪರೀಕ್ಷೆ. ಕ್ಯಾಂಟೀನಿನ ಇದಿನಬ್ಬ ಅದನ್ನು ಓದಿ ಎರಡು ಸಾಲು ಟೈಪ್ ಮಾಡಿ ಅಚ್ಚು ಹಾಕಿದರೆ ನಿನಗೆ ಹತ್ತು ದಿನ ರಜೆ."

ಇದಿನಬ್ಬ ಕಾಪುವಿನವರು. ಏಳನೇ ತರಗತಿ ಓದಿದವರು. ದುಬೈಯಲ್ಲಿದ್ದ ಅಣ್ಣನಿಗೆ ವಿಳಾಸ ಬರೆದು ಬರೆದು ಇಂಗ್ಲಿಷ್ ಅಕ್ಷರಗಳು ಕೈಗೆ ಕುಳಿತಿದ್ದವು. ಲಿಯೋನೆಲಿಗಾಗಿ ಏನು ಮಾಡಲೂ ಸಿದ್ಧರಿದ್ದ ಒಳ್ಳೆಯ ಮನುಷ್ಯ.

ಶುಕ್ರವಾರ ಬೆಳಿಗ್ಗೆ ಹತ್ತು ಸಾಲಿನ ಕೈಪಿಡಿ ತಯಾರಾಯಿತು. ಲಿಯೋನೆಲ್ ಇದಿನಬ್ಬರನ್ನು ಒಳಗೆ ಕೂರಿಸಿ, ತಾನು ಬಾಗಿಲ ಹೊರಗೆ ನಿಂತ. ಮೊದಲ ಸಾಲು: 'ಸ್ವಿಚ್ ಹಾಕಿ.' ಗೋಡೆಯಲ್ಲಿ ಏಳು ಸ್ವಿಚ್ಚುಗಳಿದ್ದವು. ಇದಿನಬ್ಬ ಯಾವುದಕ್ಕೂ ಭೇದ ಮಾಡದೆ ಏಳನ್ನೂ ಹಾಕಿದರು. ಮೇಲೆ ಫ್ಯಾನು ಗಿರ್ರನೆ ತಿರುಗಿ, ಕೈಪಿಡಿ ಕಿಟಕಿಯಿಂದ ಹಾರಿ ತೋಟದ ಕೆಸರಿನಲ್ಲಿ ಬಿತ್ತು.

ಸದ್ದು ಕೇಳಿ ಎಲೆಕ್ಟ್ರಿಷಿಯನ್ ಅಲೆಕ್ಸಾಂಡರ್ ಓಡಿ ಬಂದ. "ಎಂತ ಮಾರಾಯ, ಯಾವ ಸ್ವಿಚ್ ಅಂತ ಬರೀಬೇಕಲ್ವಾ? ಫ್ಯೂಸಿನ ವಿಷಯ ಎಲ್ಲುಂಟು? ಕರೆಂಟ್ ಹೋದ್ರೆ ಎಂತ ಮಾಡ್ಬೇಕು ಅಂತ ಎಲ್ಲುಂಟು?" ಎಂದು ಒಂದು ಪುಟ ಬರೆಸಿದ.

ಕೆಸರಾದ ಹಾಳೆಯನ್ನು ಮತ್ತೆ ಟೈಪ್ ಮಾಡಿಕೊಡಲು ಒಪ್ಪಿದ ಆಫೀಸಿನ ಟೈಪಿಸ್ಟ್ ಒಲಿಂಡಾ ಬಾಯಿ ಕನ್ನಡಕ ಏರಿಸಿದರು. "ಹಾಕಿ, ಒತ್ತಿ, ಬರೆಯಿರಿ... ಇದೆಂತ ಲಿಯೋನೆಲ್, ಪೊಲೀಸರ ಹಾಗೆ? ಪ್ರತಿ ಸಾಲಿಗೂ 'ದಯವಿಟ್ಟು' ಹಾಕುವ. ಕೊನೆಗೆ ಉಪಕಾರ ಮಾಡಿದವರ ಹೆಸರೆಲ್ಲ ಬೇಕು. ನನ್ನದು ಮೊದಲು ಇರುವುದು ಬೇಡ, ಎರಡನೆಯದು ಸಾಕು."

ಲಿಯೋನೆಲ್ ಯಾರಿಗೂ ಇಲ್ಲ ಎನ್ನಲಿಲ್ಲ. ತನ್ನ ಮಗಳಿಗಾಗಿ ಇವರೆಲ್ಲ ಕೆಲಸ ಬಿಟ್ಟು ಬಂದಿದ್ದಾರಲ್ಲ ಎಂದು ಅವನ ಕಣ್ಣು ಒದ್ದೆಯಾಗುತ್ತಿತ್ತು. ಹಾಗಾಗಿ ಹನ್ನೊಂದು ಗಂಟೆಗೆ ಹತ್ತು ಸಾಲಿನ ಕೈಪಿಡಿ ಹದಿನಾಲ್ಕು ಪುಟವಾಯಿತು. ಅದರಲ್ಲಿ ಮೂರು ಪುಟ ಬರೀ ಕೃತಜ್ಞತೆ. ಇದಿನಬ್ಬ ಶ್ರದ್ಧೆಯಿಂದ ಓದತೊಡಗಿದರು. ಫ್ಯೂಸಿನ ಅಧ್ಯಾಯ ಮುಗಿಯುವಷ್ಟರಲ್ಲಿ ಕ್ಯಾಂಟೀನಿನಲ್ಲಿ ಹಾಲು ಉಕ್ಕಿ ಒಲೆ ನಂದಿತು, ಇಲ್ಲಿ ಇದಿನಬ್ಬ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು.

ಲಿಯೋನೆಲ್ ಎದೆ ಗಟ್ಟಿಮಾಡಿಕೊಂಡು ಹದಿನಾಲ್ಕು ಪುಟವನ್ನು ಮತ್ತೆ ಒಂದಕ್ಕೆ ಇಳಿಸಿದ. ಸ್ವಿಚ್ಚಿಗೆ ಅಲೆಕ್ಸಾಂಡರ್ ಕೆಂಪು ಬಣ್ಣ ಬಳಿದು ಕೊಟ್ಟ. ಒಲಿಂಡಾ ಬಾಯಿಯ ಒಂದು 'ದಯವಿಟ್ಟು' ಮೇಲೆ ಉಳಿಯಿತು. ಎರಡು ಗಂಟೆಗೆ ಮೂರನೆಯ ಪ್ರಯತ್ನ. ಕೆಂಪು ಸ್ವಿಚ್ ಸರಿ. ಯಂತ್ರ ಕೇಳಿದ ಹೆಸರೂ ಸರಿ. ಎರಡು ಸಾಲೂ ಸರಿಯಾಗಿ ಮೂಡಿದವು. ಆಮೇಲೆ ಯಂತ್ರ ಇಂಗ್ಲಿಷಿನಲ್ಲಿ ಕೇಳಿತು: ಅಚ್ಚು ಹಾಕಲೇ? ಹೌದಾದರೆ ವೈ, ಬೇಡವಾದರೆ ಎನ್. ಕೈಪಿಡಿಯಲ್ಲಿ ಅದರ ಅರ್ಥವೂ ಇತ್ತು.

ಇದಿನಬ್ಬ ಎನ್ ಒತ್ತಿದರು. ಪರದೆ ಖಾಲಿಯಾಯಿತು.

"ಅಯ್ಯೋ ಇದಿನಬ್ಬರೇ! ಬೇಡ ಅಂತ ಯಾಕೆ ಒತ್ತಿದ್ದು?"

ಇದಿನಬ್ಬರಿಗೇ ಆಶ್ಚರ್ಯ. "ಅಲ್ಲ ಮಾರಾಯ್ರೆ, ಕೇಳಿದ ಕೂಡ್ಲೆ ಹೌದು ಅಂತ ಹೇಳ್ಲಿಕ್ಕೆ ಆಗ್ತದಾ? ಯಾರದ್ದಾದ್ರೂ ಮನೆಗೆ ಹೋದಾಗ ಚಾ ಮಾಡ್ಲಾ ಅಂತ ಕೇಳ್ತಾರೆ. ಮೊದಲು ಬೇಡ ಹೇಳ್ಬೇಕು. ಅವರು ಇನ್ನೊಮ್ಮೆ ಕೇಳ್ತಾರೆ. ಆಗ ಸ್ವಲ್ಪ ಕೊಡಿ ಅಂತ ಹೇಳುವುದು. ಇದು ಇನ್ನೊಮ್ಮೆ ಕೇಳ್ಲೇ ಇಲ್ಲ!"

"ಮಷೀನಿಗೆ ದಾಕ್ಷಿಣ್ಯ ಎಂತದ್ದು? ಸೀದಾ ವೈ ಒತ್ತಿ."

ಆಗಲಿ ಎಂದು ತಲೆಯಾಡಿಸಿದರು. ಮತ್ತೆ ಕೂತರು, ಮತ್ತೆ ಟೈಪ್ ಮಾಡಿದರು. ಪ್ರಶ್ನೆ ಬಂದದ್ದೇ ಬೆರಳು ತಾನಾಗಿ ಎನ್ ಮೇಲೆ ಹೋಯಿತು. "ಕೈ ಕೇಳುವುದಿಲ್ಲ ಮಾರಾಯ್ರೆ" ಎಂದು ಇದಿನಬ್ಬ ಅಳುವ ಮುಖ ಮಾಡಿದರು. ಗಂಟೆ ಎರಡೂಮುಕ್ಕಾಲು.

ಲಿಯೋನೆಲ್ ತಲೆಯ ಮೇಲೆ ಕೈ ಹೊತ್ತು ಕೂತ. ಐವತ್ತು ವರ್ಷದ ಮರ್ಯಾದೆಯನ್ನು ಒಂದು ಪುಟದ ಕೈಪಿಡಿ ತಿದ್ದೀತೇ? ಆಗ ಹೊಳೆಯಿತು: ಮನುಷ್ಯನನ್ನು ಯಾಕೆ ತಿದ್ದಬೇಕು? ಯಂತ್ರದ ಒಳಗನ್ನು ತಿದ್ದಿ ಎಂದು ಆ ಪುಣ್ಯಾತ್ಮರೇ ಬರೆದು ಕಳಿಸಿದ್ದಾರಲ್ಲ! ಅವರಿಗೆ ಮನಸ್ಸಿನಲ್ಲೇ ಕೈಮುಗಿದು, ಪ್ರೋಗ್ರಾಮನ್ನು ಬಿಚ್ಚಿ, ನಾಲ್ಕು ಸಾಲು ಸೇರಿಸಿದ. ಇನ್ನು ಯಾರಾದರೂ ಎನ್ ಒತ್ತಿದರೆ ಯಂತ್ರ ಸುಮ್ಮನಾಗುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಅಚ್ಚ ಕನ್ನಡ ಕೇಳುತ್ತದೆ: 'ನಿಜವಾಗಿ ಬೇಡವಾ? ಸಂಕೋಚ ಬೇಡ.'

ಮೂರೂವರೆಗೆ ಸರ್ವೋತ್ತಮರು ಬಂದರು. ಕಿಟಕಿಯ ಹೊರಗೆ ಒಲಿಂಡಾ ಬಾಯಿ, ಅಲೆಕ್ಸಾಂಡರ್, ಅರ್ಧ ಕ್ಯಾಂಟೀನು. ಇದಿನಬ್ಬ ಕೆಂಪು ಸ್ವಿಚ್ ಹಾಕಿದರು, ಟೈಪ್ ಮಾಡಿದರು, ಯಂತ್ರ ಕೇಳಿತು, ಎನ್ ಒತ್ತಿದರು. ಯಂತ್ರ ಮತ್ತೆ ಕೇಳಿತು. ಇದಿನಬ್ಬರ ಮುಖ ಅರಳಿತು. "ಅಷ್ಟು ಹೇಳ್ತೀಯಾದ್ರೆ ಆಗ್ಲಿ" ಎಂದು ಅದಕ್ಕೇ ಹೇಳಿ ವೈ ಒತ್ತಿದರು. ಪ್ರಿಂಟರ್ ಕರಕರ ಸದ್ದು ಮಾಡುತ್ತ ಕಾಗದ ಹೊರಹಾಕಿತು. ಇಂಗ್ಲಿಷ್ ಅಕ್ಷರದಲ್ಲಿ ಎರಡೇ ಸಾಲು: 'ಲಿಯೋನೆಲ್ ಒಳ್ಳೆ ಜನ. ರಜೆ ಕೊಡಿ.'

ಹೊರಗೆ ಚಪ್ಪಾಳೆ. ಲಿಯೋನೆಲ್ ಒಬ್ಬೊಬ್ಬರ ಕೈಯನ್ನೂ ಹಿಡಿದುಕೊಂಡ. ತನಗೆ ಇಷ್ಟು ಜನ ಇದ್ದಾರೆಂದು ಅವನಿಗೇ ಗೊತ್ತಿರಲಿಲ್ಲ. ಸರ್ವೋತ್ತಮರೂ ಕೈ ಕುಲುಕಿದರು. "ಇಷ್ಟು ವರ್ಷ ಈ ಮಷೀನಿಗೆ ನಾನು ಹೆದರುತ್ತಿದ್ದೆ ಲಿಯೋನೆಲ್. ಇನ್ನು ಹೆದರಿಕೆ ಇಲ್ಲ. ಬಹಳ ಉಪಕಾರವಾಯಿತು." ಜೇಬಿನಿಂದ ರಜೆಯ ಅರ್ಜಿ ತೆಗೆದು, ಪೆನ್ನು ಬಿಚ್ಚಿ ಕೇಳಿದರು, "ಹಾಗಾದರೆ ಹತ್ತು ದಿನ ರಜೆ ಬರೆಯಲೇ?"

ಲಿಯೋನೆಲ್ ಅರ್ಜಿಯನ್ನೇ ನೋಡಿದ. ಇಷ್ಟು ದೊಡ್ಡ ಮನುಷ್ಯರು, ಇಷ್ಟು ಜನರ ಎದುರು, ಉಪಕಾರವಾಯಿತು ಎಂದಿದ್ದಾರೆ. ಒಡನೆಯೇ ಕೈ ಚಾಚಿದರೆ ಚೆನ್ನಾಗಿರುತ್ತದೆಯೇ?

"ಛೆ ಛೆ, ಬೇಡ ಸರ್" ಎಂದು ತಲೆ ತಗ್ಗಿಸಿದ. "ನಿಮ್ಮ ಒಂದು ಮಾತೇ ಸಾಕು."

"ಹೌದಾ? ತುಂಬ ಸಂತೋಷ!" ಎಂದು ಸರ್ವೋತ್ತಮರು ಪೆನ್ನಿನ ಕ್ಯಾಪು ಹಾಕಿದರು. ಅರ್ಜಿಯನ್ನು ಎರಡಾಗಿ ಹರಿದರು. "ಹಾಗಾದರೆ ಸೋಮವಾರದಿಂದ ಉಳಿದ ಐನೂರ ತೊಂಬತ್ತೊಂಬತ್ತು ಪುಟವನ್ನೂ ಕನ್ನಡಕ್ಕೆ ತಾ. ನಾಳೆ ನಾಡಿದ್ದು ಬಂದು, ಪ್ರತಿ ತೆಗೆಯುವ ಸ್ಟೆನ್ಸಿಲ್ ಹಾಳೆಗಳನ್ನು ಕತ್ತರಿಸಿ ಇಡು."

ಅವರ ಚಪ್ಪಲಿಯ ಸದ್ದು ವರಾಂಡದ ತುದಿಗೆ ಹೋಯಿತು. ಲಿಯೋನೆಲ್ ಬಾಯಿ ತೆರೆದು ನಿಂತೇ ಇದ್ದ. ಇನ್ನೊಮ್ಮೆ ಕೇಳುತ್ತಾರೆಂದು ಅವನಿನ್ನೂ ಕಾಯುತ್ತಿದ್ದ.

ಇದಿನಬ್ಬ ಮೆಲ್ಲಗೆ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟರು. "ಓಡಿ ಹೋಗಿ ಹೇಳ್ಲಾ ಮಾರಾಯ್ರೆ, ನಿಮ್ಮದು ಬೇಡ ಅಂದ್ರೆ ಬೇಕು ಅಂತ?"

"ಪ್ರಯೋಜನ ಇಲ್ಲ ಇದಿನಬ್ಬರೇ" ಎಂದ ಲಿಯೋನೆಲ್, ಪ್ರೆಸಿಲ್ಲಾಳಿಗೆ ಬರೆಯಲು ಒಂದು ಕಾರ್ಡು ಹುಡುಕುತ್ತ. "ಅವರು ಮಷೀನಿನ ಹಾಗಲ್ಲ. ಒಳಗೆ ಬಿಚ್ಚಿ ತಿದ್ದಲಿಕ್ಕೆ ಆಗುವುದಿಲ್ಲ."