ಕಾಕಾ ಕಟ್ಟಿದ ವೆಬ್‌ಸೈಟುಗಳು

ಇಳಕಲ್ಲಿನಲ್ಲಿ ನಮ್ಮ ಕಾಕಾ ಕಟ್ಟಿದಷ್ಟು ವೆಬ್‌ಸೈಟು ಯಾರೂ ಕಟ್ಟಿಲ್ಲ. ಅವುಗಳಲ್ಲಿ ಒಂದನ್ನಾದರೂ ಕಣ್ಣಾರೆ ಕಂಡವರೂ ಯಾರೂ ಇಲ್ಲ!

ಅವನ ಹೆಂಡತಿ, ನಮ್ಮ ಕಾಕು, ಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದಳು. ಆ ಸೀರೆಗಳನ್ನು ಜಗತ್ತಿಗೆಲ್ಲ ತೋರಿಸಬೇಕೆಂಬುದು ಕಾಕಾನ ಹಟ. ಬಾಗಲಕೋಟೆಗೆ ಓಡಾಡಿ ವೆಬ್‌ಸೈಟು ಬರೆಯುವ ಪಿಎಚ್‌ಪಿ ಎಂಬ ಭಾಷೆ ಕಲಿತ. ಕಲಿತವನು ಸುಮ್ಮನೆ ಬರೆಯಬಾರದೇ? ಫ್ರೇಮ್‌ವರ್ಕ್ ಬೇಕಂತೆ! ಅಂದರೆ ಯಾರೋ ಮೊದಲೇ ಹೂಡಿಟ್ಟ ಮಗ್ಗ. ನಾವು ಕೂತು ನೇಯ್ದರಾಯಿತು. ಅಂಥವು ಒಂದರ ಹಿಂದೊಂದು ಹುಟ್ಟುತ್ತಿದ್ದ ಕಾಲವದು.

ಮೊದಲು ಕೇಕ್‌ಪಿಎಚ್‌ಪಿ. ಅದರ ಶಿಸ್ತಿಗೆ ಮರುಳಾದ ಕಾಕಾ ಅದೇ ಶಿಸ್ತಿಗೆ ರೇಗಿಯೂಬಿಟ್ಟ. "ಎಲ್ಲಾ ಇದು ಹೇಳಿದಂಗ ಕೇಳಾಕ ನಾ ಏನ್ ಇದರ ಸೊಸಿ ಏನ್ಲೇ?" ಎಂದು ನನ್ನೆದುರೇ ಅಳಿಸಿ ಹಾಕಿದ. ಆಮೇಲೆ ಸಿಂಫೊನಿ. ಒಂದು ಸೀರೆ ತೋರಿಸುವ ಮೊದಲು ಹತ್ತಾರು ಫೈಲುಗಳಿಗೆ ಸಮಜಾಯಿಷಿ ಕೊಡಬೇಕು! ಅದೂ ಹೋಯಿತು. ಕೋಡ್‌ಇಗ್ನೈಟರ್ ಹಗುರ ಎಂದು ಹಿಗ್ಗಿದ. "ತೀರಾ ಹಗುರಾತು" ಎಂದು ಅದನ್ನೂ ಬಿಟ್ಟ. ಕನ್ಯಾ ನೋಡಲು ಹೋಗಿ ಪ್ರತಿ ಮನೆಯಲ್ಲೂ ಉಪ್ಪಿಟ್ಟು ತಿಂದು ಎದ್ದು ಬರುವವರಿರುತ್ತಾರಲ್ಲ, ಹಾಗೆ.

ಇತ್ತ ಸಕ್ಕರೆ ಕಾಯಿಲೆ ಕಾಕುವಿನ ಕಣ್ಣಿಗೇ ಇಳಿಯಿತು. ಹೋದ ದೃಷ್ಟಿ ತಿರುಗಿ ಬರುವುದಿಲ್ಲ ಎಂದರು ಡಾಕ್ಟರು.

"ಏನ್ರಿ, ಕಣ್ಣ ಇರೂತನಕ ಒಂದ್ಸಲ ನನ್ನ ಸೀರಿ ಅದರಾಗ ತೋರಸ್ರಿ" ಎಂದಳು. "ಸೆರಗಿನ ಎಳಿ ಬ್ಯಾರೆ, ಮೈ ಎಳಿ ಬ್ಯಾರೆ ಇದ್ರೂ ನಾವು ಕೊಂಡಿ ಹಾಕಿ ಕೂಡಸ್ತೇವಿ. ನೀವು ಹೊಸಾದು ಬಂದಾಗೊಮ್ಮೆ ಪೂರಾ ಹರದ ಒಗೀತೀರಲ್ರಿ!"

"ಅರ್ಧಮರ್ಧ ಆದದ್ದು ನಿನ್ನ ಸೀರಿಗೆ ಒಪ್ಪಂಗಿಲ್ಲ, ತಡಿ."

ಕಣ್ಣು ಕಾಯಲಿಲ್ಲ, ಪೂರಾ ಹೋಯಿತು. ಅವಳು ಮಗ್ಗ ಬಿಟ್ಟೆದ್ದ ಮೇಲೆ ಕಾಕಾನಿಗೆ ಯಾವ ಫ್ರೇಮ್‌ವರ್ಕೂ ಬೇಕಾಗಲಿಲ್ಲ. ಬರೀ ಪಿಎಚ್‌ಪಿಯಲ್ಲಿ ಒಂದೇ ಮಧ್ಯಾಹ್ನ ಕೂತು ಮುಗಿಸಿಬಿಟ್ಟ! ಇದನ್ನು ಮೊದಲೇ ಮಾಡಬಾರದಿತ್ತೇ ಎಂದು ನನಗೆ ಸಿಟ್ಟು ನೆತ್ತಿಗೇರಿತು.

ಕಾಕುವನ್ನು ಕೈಹಿಡಿದು ತಂದು ಕಂಪ್ಯೂಟರಿನ ಮುಂದೆ ಕೂರಿಸಿದ. ಅವಳ ಬೆರಳನ್ನು ಪರದೆಯ ಮೇಲಿಟ್ಟು "ಇಲ್ಲೈತಿ ನೋಡು, ನಿನ್ನ ಕೆಂಪ ಸೆರಗು" ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಪರದೆ ಕಪ್ಪಾಯಿತು. ತಲೆಯ ಮೇಲಿನ ಫ್ಯಾನು ನಿಂತದ್ದು ಅವಳಿಗೆ ಗೊತ್ತಾಗದೆ ಇರುತ್ತದೆಯೇ?

"ಅಂಚಿನ ದಡಿ ಹೆಂಗ ಕಾಣತೈತ್ರಿ?" ಎಂದಳು, ಕೈ ತೆಗೆಯದೆ.

"ಭಾಳ ಚಂದ ಕಾಣತೈತಿ" ಎಂದ ಕಾಕಾ, ಆ ಕಪ್ಪು ಗಾಜಿನ ಅಂಚಿನುದ್ದಕ್ಕೂ ಅವಳ ಬೆರಳನ್ನು ಮೆಲ್ಲಗೆ ಸರಿಸುತ್ತಾ.