ಬೆಂಚಿನ ಮ್ಯಾಲಿನ ಇಟ್ಟಂಗಿ ಅಕ್ಷರ

ಮೊದಲ ಬಾಗಲಾ ಹಾಕ್ರಿ. ಇದು ನಿಮ್ಮ ಕಿವಿಗಷ್ಟ. ನಾ ಹೇಳೀನಂತ ಗೊತ್ತಾದ್ರ ಎದುರುಮನಿಯಾಕಿ ನನ್ನ ಓಣ್ಯಾಗ ನಿಂದ್ರಗೊಡೂದಿಲ್ಲ. ಆಣಿ ಮಾಡ್ರಿ. ಆತು, ಕೇಳ್ರಿ. ನಮ್ಮ ಓಣ್ಯಾಗ ಇಂಥಾವು ವಾರಕ್ಕೊಂದು ಆಗ್ತಾವ, ಆದ್ರ ಈ ಸಲದ್ದು ನೆನಸಿದ್ರ ನನಗ ಇನ್ನೂ ಮೈ ಉರೀತೈತಿ. ಎಲ್ಲಾ ಆ ಪೇಂಟರ್ ತಂದ ಅಕ್ಷರದಿಂದ.

ನಾ ಸಾಲಿಗೆ ಹೋಗಿದ್ದು ಎರಡ ವರ್ಷ. ಮಾಸ್ತರು ಕೈ ಹಿಡಿದು ತಿದ್ದಿಸಿದ್ರು, ಅಕ್ಷರ ಅಂದ್ರ ಗುಂಡಗ ಇರಬೇಕು ಅಂತ ನನಗ ಗೊತ್ತು. ಕುಕನೂರಿಂದ ಬಂದ ಈ ಪೇಂಟರ್ ಮೊಬೈಲಿನ್ಯಾಗ ನೋಡಿ ಹೊಸಾ ನಮೂನಿ ಕಲ್ತಾನ. ಸ್ಕೇಲ್ ಹಿಡಿದು ನಾಕು ಮೂಲಿ ಗೀಚೂದು, ಒಳಗ ಬಣ್ಣ ತುಂಬೂದು. ಒಂದೊಂದು ಅಕ್ಷರ ಒಂದೊಂದು ಇಟ್ಟಂಗಿ. ನಡುವ ಉಸಿರಾಡಾಕ ಅನ್ನೂವಂಗ ಒಂದು ಸಣ್ಣ ಕಿಂಡಿ. ಬಸ್ಸಿನ್ಯಾಗ ಹೋಗೋರಿಗೂ ಕಾಣಬೇಕಂತ. ಬಸ್ಸಿನ್ಯಾಗ ಹೋಗೋರಿಗೆ ನಮ್ಮ ಓಣಿ ಉಸಾಬರಿ ಯಾಕ ಬೇಕು?

ಟ್ರ್ಯಾಲಿ

ಈ ಅಕ್ಷರ ಮೊದಲ ಬರೆಸಿದಾಕಿ ಎದುರುಮನಿಯಾಕಿನ. ಅವರ ಟ್ರ್ಯಾಕ್ಟರ್ ಟ್ರ್ಯಾಲಿ ಹಿಂದ, ಕೆಂಪು ಬಣ್ಣದಾಗ, ಹಲಗಿ ತುಂಬ: ತಾಯಿಯ ಆಶೀರ್ವಾದ. ಯಾವ ತಾಯಿ? ಅಕಿ ಅತ್ತಿ ಮೂರು ವರ್ಷದಿಂದ ಸಣ್ಣ ಮಗನ ಮನ್ಯಾಗ ಉಣ್ಣಾಕತ್ಯಾಳ. ಇವರು ಒಂದು ದಿನ ಬಾ ಅಂದಿಲ್ಲ. ಮುದುಕಿಗೆ ಓದಾಕ ಬರೂದಿಲ್ಲ, ಕಣ್ಣೂ ಮಂಜು. ಆದ್ರ ಇಷ್ಟು ದಪ್ಪ ಇದ್ದದ್ದು ಅಕಿಗೂ ಕಾಣ್ತು. ಟ್ರ್ಯಾಲಿ ಹಾಯ್ದು ಹೋಗುವಾಗ ಅದೇನು ಬರದಾರ ಅಂತ ನನ್ನ ಕೇಳಿದ್ಲು. ನಾ ಓದಿ ಹೇಳಿದೆ.

"ಯಾರ ತಾಯವ್ವಾ ಅಕಿ?" ಅಂದ್ಲು. "ಪುಣ್ಯಾ ಮಾಡ್ಯಾಳ."

ಕುಳ್ಳಿನ ಗ್ವಾಡಿ

ಓಣಿ ಹೆಣ್ಮಕ್ಕಳೆಲ್ಲ ಎದುರುಮನಿ ಹಿತ್ತಲ ಗ್ವಾಡಿಗೆ ಸಗಣಿ ಕುಳ್ಳು ಬಡೀತಿದ್ವಿ. ಬಿಸಲು ಛಲೋ ಬೀಳತೈತಿ ಅಲ್ಲಿ. ಅದನ್ನ ನೋಡಲಾರದ ಎದುರುಮನಿಯಾಕಿ ಗ್ವಾಡಿ ತೊಳಿಸಿ, ಸುಣ್ಣಾ ಹಚ್ಚಿಸಿ, ಅದ ಪೇಂಟರ್ ಕಡಿಂದ ಬರೆಸಿದ್ಲು: ಇಲ್ಲಿ ಕುಳ್ಳು ಬಡಿಯಬಾರದು. ಒಂದೊಂದು ಅಕ್ಷರ ಒಂದೊಂದು ಗೇಣು.

ನಮ್ಮ ಹೆಣ್ಮಕ್ಕಳಿಗೆ ಸಾಲು ಹಿಡಿದು ಬಡಿಯೋದಂದ್ರ ಭಾಳ ಸೇರತೈತಿ. ಇಂವ ಚೌಕ ಚೌಕ ಮನಿ ಕೊರದು ಕೊಟ್ಟಂಗಾತು. ಮರುದಿನ ಮುಂಜಾನೆ ಒಂದಕ್ಷರಕ್ಕ ಒಂದು ಕುಳ್ಳು, ಒಂದೂ ಬಿಟ್ಟಿಲ್ಲ. ಯಾರು ಬಡದವರು ಅಂತ ಅಕಿ ಓಣಿ ತುಂಬ ಚೀರಿಕೋತ ಅಡ್ಡಾಡಿದ್ಲು. ಎರಡು ನಾನೂ ಬಡದಿದ್ದೆ, ಸುಳ್ಳ್ಯಾಕ ಹೇಳಲಿ.

"ಸಿಟ್ಟಾಗಬ್ಯಾಡವಾ," ಅಂದೆ. "ಇಷ್ಟು ಸಾಲಾಗಿ ನಮಗ ಎಂದೂ ಬಂದಿದ್ದಿಲ್ಲ."

ಬೆಂಚು

ಈಗ ನನ್ನ ಸಂಗತಿ. ನಮ್ಮನಿಯವರು ತೀರಿಕೊಂಡು ವರ್ಷಾತು. ಊರ ಮುಂದ ಬಸ್ಸು ನಿಂದ್ರೋ ಬೇವಿನ ಗಿಡದ ಕೆಳಗ ಕುಂದ್ರೂದು ಅವರ ಚಟ. ಯಾವ ಬಸ್ಸೂ ಹತ್ತೂದಿಲ್ಲ, ಮುಂಜಾನಿಂದ ಸಂಜಿತನಕ ಸುಮ್ಮನ ಕುಂದ್ರೂದು. ಯಾಕಂತ ನನಗ ಎಂದೂ ತಿಳೀಲಿಲ್ಲ. ಅಲ್ಲೇ ಅವರ ನೆನಪಿಗೆ ಸಿಮೆಂಟಿನ ಬೆಂಚು ಹಾಕಿಸಿದೆ. ಅದರ ಮ್ಯಾಲ ಅವರ ಹೆಸರು ಇರಬೇಕು, ಅದೊಂದ ನನ್ನ ಆಸೆ. ಮಕ್ಕಳಿಲ್ಲದ ಮನಿ ನಮ್ಮದು, ನಾ ಹೋದ ಮ್ಯಾಲ ಆ ಹೆಸರು ಯಾರ ಬಾಯಾಗ ಬರಬೇಕು?

ಪೇಂಟರಗ ಹೇಳಿದೆ, ಎದುರುಮನಿ ಟ್ರ್ಯಾಲಿಗಿಂತ ದಪ್ಪ ಬರಿ ಅಂತ.

"ಹೆಸರೇನ್ರಿ ಅಮ್ಮಾ?" ಅಂದ.

ಗಂಡನ ಹೆಸರು ನಾ ಎಂದೂ ಬಾಯಿಲೆ ಅಂದಾಕಿ ಅಲ್ಲ. ಊರಾಗ ಯಾರನ್ನರ ಕೇಳಿ ಬರಕೋ ಅಂದು ರೊಟ್ಟಿ ಬಡಿಯಾಕ ಮನಿಗೆ ಬಂದೆ. ಸಂಜೀಕ ಹೋಗಿ ನೋಡ್ತೀನಿ, ಬೆಂಚಿನ ಬೆನ್ನು ಆನಿಸೋ ಕಡೆ ತುಂಬ, ಈ ತುದಿಯಿಂದ ಆ ತುದಿತನಕ, ಒಂದ ಶಬ್ದ: ದಿವಂಗತ. ಮುಂದೇನೂ ಇಲ್ಲ. ಹೆಸರೆಲ್ಲೈತೋ ಭಾಡ್ಯಾ ಅಂದ್ರ, ನೀವ ದಪ್ಪ ಬರಿ ಅಂದ್ರಿ, ಜಾಗಾ ಮುಗೀತು, ಹೆಸರು ಹಿಂದ ಬರದೀನಿ ಅಂದ. ಹಿಂದ ಜಾಲಿ ಮುಳ್ಳಿನ ಕಂಟಿ. ಅಲ್ಲಿ ಹೊಕ್ಕು ಓದಾವ ಯಾವಾಂವ? ಬಾಯಿಗೆ ಬಂದಂಗ ಬೈದೆ. ಅಂವ ಡಬ್ಬಿ ಎತ್ತಿಕೊಂಡು ಯಲಬುರ್ಗಾ ಬಸ್ಸು ಹತ್ತಿದಾಂವ ಇನ್ನೂ ಬಂದಿಲ್ಲ.

ಅದ ವಾರ ಎದುರುಮನಿ ಮಗಗ ಕುಷ್ಟಗಿ ಕಡೆ ಹೆಣ್ಣು ಗೊತ್ತಾಗಿತ್ತು. ಹುಡುಗನ ಫೋಟೋ ಕಳಸ್ರಿ ಅಂದಿದ್ರಂತ. ಅಂವ ಹೊಸಾ ಅಂಗಿ ತೊಟ್ಟು, ಕಪ್ಪು ಕನ್ನಡಕ ಹಾಕ್ಕೊಂಡು, ಬಣ್ಣ ಹೊಸಾದೈತಿ ಅಂತ ನನ್ನ ಬೆಂಚಿನ ಬಾಜೂಕ ನಿಂತು, ಅದರ ಮ್ಯಾಲೊಂದು ಕೈ ಊರಿ ಫೋಟೋ ತೆಗಿಸಿ ಕಳಸ್ಯಾನ. ಏನು ಬರದಾರ ಅಂತ ತಿರುಗಿ ನೋಡಿಲ್ಲ. ಒಂದು ಕಡೆ ದಿವಂಗತ, ಅದರ ಮುಂದ ಇಂವ. ಹಾರ ಒಂದ ಕಡಿಮಿ.

ಅತ್ತಾಗಿಂದ ಫೋನ್ ಬಂತು. ಹುಡುಗಿ ಅಜ್ಜಿ ಅಳಕೋತ ಕೇಳಿದ್ಲಂತ, "ಯಾವಾಗ ಆತ್ರೀ?"

ಬದುಕ್ಯಾನ್ರೀ ಅಂತ ಇವರು ಎಷ್ಟು ಹೇಳಿದ್ರೂ ಅವರ ಮನಸು ಹಿಂದ ಸರೀತು. ಸಂಬಂಧ ಮುರೀತು. ನಾ ಯಾರ ಮುಂದೂ ಅಂದಿಲ್ಲ. ನೀರಿಗೆ ಬಂದ ನಾಕು ಮಂದಿ ಮುಂದ ಅಷ್ಟ.

ಮರುದಿನ ಎದುರುಮನಿಯಾಕಿ ನಳದ ಕಟ್ಟಿಗೆ ಬಂದು, ಮಂದಿ ಮುಂದ, ಆ ಅಕ್ಷರ ಅಳಸು ಅಂತ ನಿಂತ್ಲು. ಅಳಸೂದಿಲ್ಲ ಅಂದೆ. ಅವರ ನೆನಪಿಗೆ ಅಂತ ನನಗಿರೋದು ಅದೊಂದ ಅಂದೆ. ಟ್ರ್ಯಾಲಿ, ಅಕಿ ಅತ್ತಿ, ಕುಳ್ಳು, ಎಲ್ಲಾ ಎತ್ತಿ ಆಡಿದೆ. ಅಕಿ ನಳದ ಕೆಳಗ ಕೊಡಾ ಇಟ್ಲು. ಕೊಡಾ ತುಂಬೂತನಕ ಕಾದ್ಲು, ಎತ್ತಿ ಟೊಂಕದ ಮ್ಯಾಲ ಇಟ್ಕೊಂಡ್ಲು, ಆಮ್ಯಾಲ ನನ್ನ ಮಾರಿ ನೋಡಿ ಅಂದ್ಲು:

"ದೊಡ್ಡವ್ವಾ, ಬದುಕಿದ್ದಾಗ ಆ ಮನಷ್ಯಾಗ ಒಂದು ಮಾತಾಡಾಕ ನೀ ಜಾಗಾ ಬಿಡಲಿಲ್ಲ. ಸತ್ತ ಮ್ಯಾಲ ಹೆಸರಿಗೂ ಬಿಡಲಿಲ್ಲ ನೋಡು."