ಹದಿಮೂರನೆಯ ವಾರದ ಶುಕ್ರವಾರ

ಈ ಕತೆಯನ್ನು ನಾನು ಹೇಳಬಹುದೋ ಬಾರದೋ ಎಂದು ಬಹಳ ದಿನ ಹಿಂದೆಮುಂದೆ ನೋಡಿದೆ. ಹೆತ್ತವನು ನಾನಲ್ಲ, ಆ ಕಚೇರಿಯಲ್ಲಿ ಅಂದು ಇದ್ದವನೂ ಅಲ್ಲ. ಇದ್ದವರಲ್ಲಿ ಮೂವರು ಹೇಳಿದ್ದನ್ನು ಕೇಳಿ ಹೊಂದಿಸಿದ್ದೇನೆ, ಮೂವರೂ ಮೂರು ಥರ ಹೇಳಿದರು. ಇನ್ನೊಬ್ಬರ ಸಂಕಟವನ್ನು ನಗು ಬರುವಂತೆ ಹೇಳುವುದು ಒಳ್ಳೆಯವರ ಕೆಲಸವಲ್ಲ ಎಂಬುದೂ ಗೊತ್ತು. ಹೇಳುವುದರಲ್ಲಿ ತಪ್ಪಿದ್ದರೆ ಅದು ನನ್ನದು, ಲಿನೆಟ್‌ಳದ್ದಲ್ಲ. ಅವಳ ಪಾಲಿನ ತಪ್ಪು ಅವಳಿಗೇ ಸಾಕಾಗುವಷ್ಟಿದೆ.

ತೊಂದರೆ ಶುರುವಾದದ್ದು ಒಂದು ಕಂದು ಕವರಿನಿಂದ.

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ, ಲಿನೆಟ್‌ಳ ಕಚೇರಿಯಲ್ಲಿ, ಅದು ಸಹೋದ್ಯೋಗಿ ಮ್ಯಾಕ್ಸೀನಳ ಮೇಜಿನಿಂದ ಎದ್ದು ಬ್ಯಾರಿಯ ಮೇಜಿಗೆ ಹೋಯಿತು. ಅಲ್ಲಿಂದ ಮುಂದಿನ ಮೇಜಿಗೆ, ಅಲ್ಲಿಂದ ಅದರ ಮುಂದಿನದಕ್ಕೆ. ಲಿನೆಟ್‌ಳ ಮೇಜಿನ ಹತ್ತಿರ ಬಂದಾಗ ಮಾತ್ರ, ದಾರಿಯಲ್ಲಿ ಹಸಿ ಸಿಮೆಂಟು ಕಂಡವರ ಹಾಗೆ, ದೂರದಿಂದ ಸುತ್ತು ಹಾಕಿಕೊಂಡು ಕಿಟಕಿಯ ಕಡೆಗೆ ಹೊರಟುಹೋಯಿತು.

ಇಂಗ್ಲೆಂಡಿನ ಲ್ಯಾಂಕಾಶೈರಿನ ಯಾವ ಕಚೇರಿಯಲ್ಲಿ ಒಂದು ತಿಂಗಳು ಕೂತವರಿಗೂ ಇದರ ಅರ್ಥ ಗೊತ್ತು. ಕವರಿನೊಳಗೆ ಬೀಳ್ಕೊಡುಗೆಯ ಕಾರ್ಡು ಇರುತ್ತದೆ, ಜೊತೆಗೆ ಒಂದಿಷ್ಟು ಚಿಲ್ಲರೆ. ಕೆಲಸ ಬಿಡುವವರ ಕಣ್ಣಿಗೆ ಬೀಳದ ಹಾಗೆ ಅದು ಎಲ್ಲರ ಸಹಿ ಕೇಳುತ್ತ ಸುತ್ತುತ್ತದೆ. ಯಾರ ಮೇಜಿಗೆ ಬರಲಿಲ್ಲವೋ ಅವರೇ ಹೊರಡುವವರು. ಬೇರೆ ಲೆಕ್ಕಗಳು ತಪ್ಪಬಹುದು, ಇದು ತಪ್ಪುವುದಿಲ್ಲ.

ಲಿನೆಟ್ ಹೊರಡುವವಳೇ ಆಗಿದ್ದಳು. ಆದರೆ ಅದು ಸಂಜೆ ಐದು ಗಂಟೆಯವರೆಗೆ ಯಾರಿಗೂ ಗೊತ್ತಾಗಬಾರದಿತ್ತು.

ಅವಳು ಕೆಲಸ ಮಾಡುತ್ತಿದ್ದದ್ದು ಹಾಸಿಗೆ ತಯಾರಿಸುವ ಒಂದು ಕಂಪನಿಯಲ್ಲಿ, ಗಿರಾಕಿಗಳ ದೂರಿಗೆ ಉತ್ತರ ಬರೆಯುವ ವಿಭಾಗದಲ್ಲಿ. ನಾಡಿಗೆಲ್ಲ ನಿದ್ದೆ ಮಾರುವ ಕಂಪನಿ ಅದು. ಲಿನೆಟ್ ಮಾತ್ರ ಸರಿಯಾಗಿ ನಿದ್ದೆ ಮಾಡಿ ವರ್ಷವಾಗಿತ್ತು. ಮಗಳು ಈಡಿತ್ ಹುಟ್ಟಿದಾಗ ಕಂಪನಿ ಒಂಬತ್ತು ತಿಂಗಳ ರಜೆ ಕೊಟ್ಟು, ಸರ್ಕಾರ ಹೇಳಿದ್ದಕ್ಕಿಂತ ಹೆಚ್ಚು ಹೆರಿಗೆ ಸಂಬಳವನ್ನೂ ಕೊಟ್ಟಿತ್ತು. ಆ ಹೆಚ್ಚಿನ ಭಾಗಕ್ಕೆ ಒಂದು ಬಾಲ ಇತ್ತು. ರಜೆ ಮುಗಿದ ಮೇಲೆ ಬಂದು ಹದಿಮೂರು ವಾರ ದುಡಿಯಬೇಕು. ಆ ಹದಿಮೂರು ವಾರದೊಳಗೆ ಕೆಲಸ ಬಿಡುತ್ತೇನೆಂದು ಬಾಯಲ್ಲಾಗಲಿ ಬರಹದಲ್ಲಾಗಲಿ ತಿಳಿಸಿದರೆ ಅಷ್ಟನ್ನೂ ವಾಪಸು ಕಟ್ಟಬೇಕು. ಅಷ್ಟು ಎಂದರೆ ಸುಮಾರು ಐದು ಸಾವಿರ ಪೌಂಡು. ಅದು ಆಗಲೇ ಮನೆಯ ಚಾವಣಿಯಾಗಿ ತಲೆಯ ಮೇಲೆ ಕೂತಿತ್ತು, ಕಿತ್ತು ಕೊಡುವ ಹಾಗಿರಲಿಲ್ಲ.

ಶಿಶುವಿಹಾರಕ್ಕೆ ಕಟ್ಟುವುದು ಲಿನೆಟ್‌ಳ ಸಂಬಳಕ್ಕಿಂತ ಹೆಚ್ಚಾಗುತ್ತಿತ್ತು. ಆದ್ದರಿಂದ ಅವಳೂ ಬಸ್ಸು ಓಡಿಸುವ ಗಂಡ ನೀಲನೂ ಸೇರಿ ಒಂದು ಉಪಾಯ ಮಾಡಿದ್ದರು. ಅತ್ತೆ ಬೆರಿಲ್ ತಮ್ಮ ಊರಿನಿಂದ ಬಂದು ಹದಿಮೂರು ವಾರ ಮಗುವನ್ನು ನೋಡಿಕೊಳ್ಳುವುದು, ಹದಿಮೂರನೆಯ ವಾರದ ಶುಕ್ರವಾರ ಐದು ಹೊಡೆದ ಮೇಲೆ ರಾಜೀನಾಮೆ ಕೊಟ್ಟು ಲಿನೆಟ್ ಮಗುವಿನ ಹತ್ತಿರ ಹೋಗಿಬಿಡುವುದು. ಬೆರಿಲ್ ಅದಕ್ಕಿಂತ ಒಂದು ದಿನವೂ ಹೆಚ್ಚು ನಿಲ್ಲುವ ಹಾಗಿರಲಿಲ್ಲ, ಮಂಗಳವಾರ ಅವರ ಮೊಣಕಾಲಿನ ಶಸ್ತ್ರಚಿಕಿತ್ಸೆ. ಈ ಹದಿಮೂರು ವಾರದಲ್ಲಿ ಈಡಿತ್ ಮಮ್ಮಾ ಎನ್ನಲು ಕಲಿತಿದ್ದಳು. ಬೆರಿಲ್‌ಗೆ ಹಾಗೆನ್ನುತ್ತಿದ್ದಳು.

ಗುಟ್ಟು ಹೇಗೆ ಹೊರಬಿತ್ತು ಎಂದು ಲಿನೆಟ್ ಕೂತಲ್ಲೇ ಲೆಕ್ಕ ಹಾಕಿದಳು. ಬೆರಿಲ್ ಕೂದಲು ಕತ್ತರಿಸಿಕೊಳ್ಳಲು ಹೋಗುವ ಅಂಗಡಿಗೇ ಮ್ಯಾಕ್ಸೀನಳ ಚಿಕ್ಕಮ್ಮನೂ ಹೋಗುತ್ತಾಳೆಂಬುದು ನೆನಪಾಯಿತು. ಅಲ್ಲಿಗೆ ಅನುಮಾನ ಪರಿಹಾರವಾಯಿತು.

ನೇರವಾಗಿ ಕೇಳಬಹುದಿತ್ತಲ್ಲ ಎಂದು ನೀವು ಅನ್ನಬಹುದು. ಈ ಕಡೆಯ ಜನ ಸಾಯುವಾಗಲೂ ವೈದ್ಯರನ್ನು ನೇರವಾಗಿ ಕೇಳುವುದಿಲ್ಲ. ಲಿನೆಟ್ ಮ್ಯಾಕ್ಸೀನಳ ಮೇಜಿಗೆ ಹೋಗಿ, ಸ್ಟೇಪ್ಲರ್ ಇದೆಯಾ ಎಂದು ಕೇಳಿ, ಅದನ್ನು ಇಸಿದುಕೊಂಡು, ಇವತ್ತು ಏನಾದರೂ ವಿಶೇಷ ಇದೆಯಾ ಎಂದಳು. ಮ್ಯಾಕ್ಸೀನ್ ಅಷ್ಟರಲ್ಲಿ ಕವರನ್ನು ಕುರ್ಚಿಯ ಮೇಲಿಟ್ಟು ಅದರ ಮೇಲೆ ಕೂತಾಗಿತ್ತು.

"ಏನೂ ಇಲ್ಲ ಚಿನ್ನ," ಅಂದಳು. ಮ್ಯಾಕ್ಸೀನಳಿಗೆ ಎಲ್ಲರೂ ಚಿನ್ನವೇ, ಅಂಚೆಯವನೂ ಸೇರಿ. "ಟೀ ಕುಡೀತೀಯಾ?"

ಮುಚ್ಚಿಡುವ ವಿಷಯ ದೊಡ್ಡದಾದಷ್ಟೂ ಟೀ ಹೆಚ್ಚಾಗುವುದು ಅಲ್ಲಿನ ಪದ್ಧತಿ. ಹನ್ನೊಂದು ಗಂಟೆಯೊಳಗೆ ಲಿನೆಟ್‌ಳ ಮುಂದೆ ನಾಲ್ಕನೆಯ ಮಗ್ಗು ಬಂದು ಕೂತಿತ್ತು. ಬರುಬರುತ್ತ ಎಲ್ಲರೂ ಅವಳನ್ನು ಕಂಡು ಮೆಲ್ಲಗೆ, ಒಂದು ಥರದ ಕರುಣೆಯಿಂದ ನಗತೊಡಗಿದರು. ಆ ನಗು ಅವಳಿಗೆ ಹೂವಿನ ಹಾರದ ಹಾಗೆ ಕಂಡಿತು. ಹಾರ ಹಾಕುವುದು ಯಾವಾಗ ಎಂಬುದಷ್ಟೇ ತಿಳಿಯಬೇಕಿತ್ತು.

ಕವರನ್ನೇ ಮಾಯಮಾಡಬೇಕೆಂದು ಅವಳು ನಿಶ್ಚಯಿಸಿದಳು. ಊಟದ ಹೊತ್ತಿಗೆ ಬ್ಯಾರಿ ಚಿಪ್ಸ್ ತರಲು ಹೊರಗೆ ಹೋದಾಗ, ಅವನ ಕಾಗದದ ರಾಶಿಯ ಅಡಿಯಿಂದ ಕಂದು ಕವರನ್ನು ಎಳೆದು, ಜಾಕೆಟ್ಟಿನ ಒಳಗೆ ಸೇರಿಸಿ, ಶೌಚಾಲಯಕ್ಕೆ ಹೋಗಿ ಅಗುಳಿ ಹಾಕಿಕೊಂಡಳು. ಒಳಗಿದ್ದದ್ದು ಕಾರ್ಡಲ್ಲ. ಎಂಬತ್ತು ದಾಟಿದ ಒಬ್ಬ ವಿಧವೆ ಬರೆದ ಹನ್ನೆರಡು ಪುಟದ ದೂರು. ಹಾಸಿಗೆಯಲ್ಲಿ, ತೀರಿಕೊಂಡ ಗಂಡ ಮಲಗುತ್ತಿದ್ದ ಬದಿಯ ಹಳ್ಳ ಹಾಗೇ ಉಳಿದಿದೆ, ತಾನು ದಿನಾ ಅದರೊಳಕ್ಕೆ ಉರುಳಿಬೀಳುತ್ತೇನೆ, ಆದರೆ ಹಾಸಿಗೆ ಬದಲಿಸಿ ಕೊಡಬಾರದು, ಸುಮ್ಮನೆ ತಿಳಿಸಿದ್ದೇನೆ ಎಂದಿತ್ತು. ಲಿನೆಟ್ ಅಲ್ಲೇ ಕೂತು ಹನ್ನೆರಡು ಪುಟವನ್ನೂ ಓದಿ ಅತ್ತಳು. ಹೊರಗೆ ಬ್ಯಾರಿ, ಇದೀಗ ಇಲ್ಲೇ ಇಟ್ಟಿದ್ದೆ ಎನ್ನುತ್ತ ಕಸದ ಬುಟ್ಟಿಗಳನ್ನೆಲ್ಲ ಬೋರಲು ಹಾಕುತ್ತಿದ್ದ.

ಕಣ್ಣು ಒರೆಸಿಕೊಂಡು ಹೊರಬರುವಾಗ ಬೆರಿಲ್‌ರ ಫೋನು ಬಂತು. ಈಡಿತ್ ಸೋಫಾ ಬಿಟ್ಟು ಮೂರು ಹೆಜ್ಜೆ ನಡೆದಳಂತೆ. ಯಾರ ಕಡೆಗೆ ನಡೆದಳೆಂದು ಲಿನೆಟ್ ಕೇಳಲಿಲ್ಲ. ಬೆರಿಲ್ ತಾವಾಗಿಯೇ ಹೇಳಿದರು.

"ನನ್ ಕಡೆಗೇ ಬಂದ್ಳು. ಬೇಜಾರ್ ಮಾಡ್ಕೋಬೇಡ ಕಣಮ್ಮ. ಸೋಮವಾರದಿಂದ ನಿನ್ ಕಡೆಗೇ ಬರ್ತಾಳೆ, ಇನ್ಯಾರಿರ್ತಾರೆ ಮನೇಲಿ."

ಲಿನೆಟ್‌ಳ ಕೆಂಪು ಕಣ್ಣು ಕಂಡವಳೇ ಮ್ಯಾಕ್ಸೀನ್ ಐದನೆಯ ಟೀ ತಂದಳು, ಈ ಸಲ ಬಿಸ್ಕತ್ತಿನೊಡನೆ. ಪಾಪ, ಬಿಟ್ಟುಹೋಗಲು ಎಷ್ಟು ದುಃಖ ನೋಡಿ ಎಂದು ಕಚೇರಿಯೆಲ್ಲ ಅಂದುಕೊಳ್ಳುತ್ತಿದೆ ಎಂದು ಲಿನೆಟ್ ಅಂದುಕೊಂಡಳು.

ಮೂರು ಗಂಟೆಗೆ ನಿಜವಾದ ಕವರು ವಿಭಾಗದ ಮುಖ್ಯಸ್ಥ ಮಾಲ್ಕಮ್‌ನ ಕೋಣೆಗೆ ಹೋಯಿತು. ಗಾಜಿನ ಗೋಡೆಯಾಚೆ ಅವನು ಪೆನ್ನು ಕಚ್ಚುತ್ತ, ಏನು ಬರೆಯಬೇಕೆಂದು ಚಾವಣಿ ನೋಡುತ್ತ ಇದ್ದುದು ಕಾಣುತ್ತಿತ್ತು. ಮಾಲ್ಕಮ್ ಕೆಟ್ಟವನಲ್ಲ, ಆದರೆ ಅಂಥ ವಿಷಯ ತಿಳಿದರೆ ಸಿಬ್ಬಂದಿ ವಿಭಾಗಕ್ಕೆ ತಿಳಿಸಲೇಬೇಕಾದವನು. ಆ ವಿಭಾಗ ಮೇಲಿನ ಮಹಡಿಯಲ್ಲಿತ್ತು. ಅಲ್ಲಿದ್ದ ಮಿಸೆಸ್ ಡೋರೀನ್ ಪಿಲ್ಲಿಂಗ್ ಮೂವತ್ತೊಂದು ವರ್ಷದಲ್ಲಿ ಒಂದು ನಿಯಮವನ್ನೂ ಬಗ್ಗಿಸಿದವರಲ್ಲ. ತಮ್ಮ ಸ್ವಂತ ತಂಗಿಯ ಅರ್ಧ ದಿನದ ಸಂಬಳ ಕತ್ತರಿಸಿದವರು. ತಂಗಿ ಅದಾದ ಮೇಲೆ ಕ್ರಿಸ್ಮಸ್ಸಿಗೆ ಅವರನ್ನು ಕರೆದಿಲ್ಲವಂತೆ.

ನಾಲ್ಕು ಇಪ್ಪತ್ತಕ್ಕೆ ಒಬ್ಬೊಬ್ಬರಾಗಿ ಎದ್ದು, ಏನೂ ಇಲ್ಲವೆನ್ನುವ ಮುಖ ಮಾಡಿಕೊಂಡು, ಟೀ ಕೋಣೆಗೆ ಹೋದರು. ಮ್ಯಾಕ್ಸೀನ್ ಬಾಗಿಲಿಂದ ತಲೆ ಹಾಕಿ, "ಬಾ ಚಿನ್ನ, ಒಂದ್ ನಿಮಿಷ," ಅಂದಳು.

ಲಿನೆಟ್ ಗಡಿಯಾರ ನೋಡಿದಳು. ಇನ್ನು ನಲವತ್ತು ನಿಮಿಷ. ಕಾರ್ಡು ಕೈಗೆ ಬಂದು, ಮಾಲ್ಕಮ್ ಭಾಷಣ ಮಾಡಿ, ಎಲ್ಲರೂ ಚಪ್ಪಾಳೆ ತಟ್ಟಿದರೆ ಹದಿಮೂರು ವಾರ ನೀರಿಗೆ ಬಿದ್ದ ಹಾಗೆ. ಆ ದಿನ ಮೊದಲ ಸಲ ಅವಳು ನೇರವಾಗಿ ಮಾತಾಡಲು ತೀರ್ಮಾನಿಸಿದಳು. ಒಳಗೆ ಹೋದವಳೇ, ಯಾರೂ ಬಾಯಿ ತೆರೆಯುವ ಮುಂಚೆ, ನೆಲ ನೋಡುತ್ತ ಹೇಳಿಬಿಟ್ಟಳು.

"ನಿಮಗೆಲ್ಲ ಗೊತ್ತಾಗಿದೆ ಅಂತ ನಂಗೊತ್ತು. ಹೌದು, ನಾನು ಕೆಲಸ ಬಿಡ್ತಾ ಇದ್ದೀನಿ. ಆದ್ರೆ ದಯವಿಟ್ಟು ಕಾರ್ಡ್ ಈಗ ಕೊಡ್ಬೇಡಿ, ಐದು ಗಂಟೆ ಆದ್ಮೇಲೆ ಕೊಡಿ. ಈಗ ಕೊಟ್ರೆ ಐದು ಸಾವಿರ ವಾಪಸ್ ಕಟ್ಬೇಕಾಗತ್ತೆ."

ಮೂಲೆಯಲ್ಲಿ ಕುದಿಯುತ್ತಿದ್ದ ಕೆಟಲು ಟಕ್ಕೆಂದು ಆರಿತು.

ಲಿನೆಟ್ ತಲೆ ಎತ್ತಿದಳು. ಮೇಜಿನ ಮೇಲೆ ಕೇಕು ಇತ್ತು. ಕೇಕಿನ ಮೇಲೆ, ನಿವೃತ್ತಿ ಜೀವನ ಸುಖವಾಗಿರಲಿ ಡೋರೀನ್ ಎಂದು ಬರೆದಿತ್ತು. ಕೇಕಿನ ಹಿಂದೆ, ಕೋಟು ತೊಟ್ಟು, ಕೈಚೀಲ ಹಿಡಿದು, ಮಿಸೆಸ್ ಪಿಲ್ಲಿಂಗ್ ನಿಂತಿದ್ದರು.

"ನಿನ್ನತ್ರ ಕವರು ಕಳಿಸ್ಲಿಲ್ಲ ಅಂತಾನಾ ಇಷ್ಟೆಲ್ಲ?" ಮ್ಯಾಕ್ಸೀನಳ ಸ್ವರ ಕೀರಲಾಗಿತ್ತು. "ಕೂಸಿರೋ ಮನೆ, ಕೈ ಬಿಗಿ ಇರತ್ತೆ, ದುಡ್ಡು ಕೇಳೋದು ಬೇಡ ಅಂತ ಬಿಟ್ವಿ ಚಿನ್ನ. ನಿನ್ ಸಹೀನೂ ನಾನೇ ಹಾಕಿದೀನಿ."

ಆಮೇಲೆ ಎಲ್ಲರೂ ಒಟ್ಟಿಗೆ ಸಹಾಯಕ್ಕೆ ಬಂದರು. ಅದೇ ಕೆಟ್ಟದ್ದಾಯಿತು. ಅವಳು ಹೇಳಿದ್ದು ಕೆಲಸ ಬಿಡುವ ವಿಷಯವಲ್ಲ, ಸಿಗರೇಟು ಬಿಡುವ ವಿಷಯ ಎಂದು ಬ್ಯಾರಿ ವಾದಿಸಿದ. ಲಿನೆಟ್ ಸಿಗರೇಟು ಸೇದುವುದೇ ಇಲ್ಲವಲ್ಲ ಎಂದು ಇನ್ನೊಬ್ಬರು ಪ್ರಾಮಾಣಿಕವಾಗಿ ನೆನಪಿಸಿದರು. ತನಗೆ ಎಡಗಿವಿ ಕೇಳಿಸುವುದಿಲ್ಲವೆಂದು ಮಾಲ್ಕಮ್ ಹೇಳಿದ, ಆದರೆ ಹೇಳುವಾಗ ಬಲಗಿವಿ ಮುಟ್ಟಿಕೊಂಡ.

ಮಿಸೆಸ್ ಪಿಲ್ಲಿಂಗ್ ಕೈಚೀಲವನ್ನು ಕೇಕಿನ ಪಕ್ಕದಲ್ಲಿಟ್ಟರು. "ಐದು ಗಂಟೇವರೆಗೆ ನಾನೇ ಸಿಬ್ಬಂದಿ ವಿಭಾಗ," ಅಂದರು. "ಬಾಯಲ್ಲಿ ಹೇಳಿದ್ರೂ ಹೇಳಿದ ಹಾಗೇನೇ. ಅದು ನಿನಗೆ ಗೊತ್ತಲ್ಲ?"

ಗೊತ್ತು ಎಂದಳು ಲಿನೆಟ್.

"ಮಗು ನಡೀತಾ ಇದೆಯಾ?"

"ಇವತ್ತೇ ನಡೆದ್ಳಂತೆ. ಮೂರು ಹೆಜ್ಜೆ."

ಮಿಸೆಸ್ ಪಿಲ್ಲಿಂಗ್ ಬಹಳ ಹೊತ್ತು ಕೇಕು ನೋಡಿದರು. ಆಮೇಲೆ ಮೇಲಿನ ಮಹಡಿಗೆ ಹೋದರು. ವಾಪಸು ಬಂದಾಗ ಅವರ ಕೈಯಲ್ಲಿ ಒಂದು ಹಾಳೆ ಇತ್ತು. ಅದು ಹೇಳಿದ ಮಾತನ್ನು ಹಿಂತೆಗೆದುಕೊಳ್ಳುವ ನಮೂನೆಯಂತೆ. ಅಂಥದೊಂದಿದೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಕೆಲಸ ಬಿಡುವ ಮಾತನ್ನು ಈ ಮೂಲಕ ಹಿಂತೆಗೆದುಕೊಂಡಿದ್ದೇನೆ, ಅದನ್ನು ಆಡಿಯೇ ಇಲ್ಲವೆಂದು ತಿಳಿಯತಕ್ಕದ್ದು ಎಂದು ಮೇಲೆ ಅಚ್ಚಾಗಿತ್ತು. ಕೆಳಗೆ ಇನ್ನೂ ಏನೇನೋ ಸಣ್ಣ ಅಕ್ಷರದಲ್ಲಿತ್ತು.

"ಮೂವತ್ತೊಂದು ವರ್ಷ ಯಾರಿಗೂ ಒಳ್ಳೇದು ಮಾಡಿಲ್ಲ ನಾನು," ಅಂದರು ಮಿಸೆಸ್ ಪಿಲ್ಲಿಂಗ್. "ಸಹಿ ಹಾಕು."

ಲಿನೆಟ್ ಓದದೆ ಸಹಿ ಹಾಕಿದಳು. ಕಣ್ಣಲ್ಲಿ ನೀರು ತುಂಬಿಕೊಂಡವರು ಸಣ್ಣ ಅಕ್ಷರ ಓದುವುದು ಹೇಗೆ? ಮಿಸೆಸ್ ಪಿಲ್ಲಿಂಗ್ ಠಸ್ಸೆ ಒತ್ತಿ, ಒಂದು ಪ್ರತಿಯನ್ನು ಮಾಲ್ಕಮ್‌ನ ಕೈಗಿತ್ತು, ಮತ್ತೊಂದನ್ನು ಕಡತಕ್ಕೆ ಸೇರಿಸಲು ತಾವೇ ಒಯ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮ್ಯಾಕ್ಸೀನ್ ಅತ್ತಳು. ಕೇಕು ಕತ್ತರಿಸಿದ್ದಾಯಿತು. ಐದಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ಮಿಸೆಸ್ ಪಿಲ್ಲಿಂಗ್ ಬಂದು ಎಲ್ಲರ ಕೈ ಕುಲುಕಿದರು, ಲಿನೆಟ್‌ಳ ಕೈಯನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದುಕೊಂಡರು, ಐದಕ್ಕೆ ಸರಿಯಾಗಿ ಹೊರಗೆ ನಿಂತಿದ್ದ ಟ್ಯಾಕ್ಸಿ ಹತ್ತಿ ಹೋದರು.

ಐದು ಹೊಡೆದು ಐದು ನಿಮಿಷಕ್ಕೆ ಲಿನೆಟ್ ಮಾಲ್ಕಮ್‌ನ ಕೋಣೆಗೆ ಹೋಗಿ ರಾಜೀನಾಮೆಯನ್ನು ಮೇಜಿನ ಮೇಲಿಟ್ಟಳು. ಅವನು ಎದ್ದು ನಿಂತು ಶುಭ ಹಾರೈಸಿದ. ರಾಜೀನಾಮೆಯನ್ನು ಆ ನಮೂನೆಯ ಪ್ರತಿಗೆ ಸೇರಿಸಿ ಪಿನ್ನು ಚುಚ್ಚಲು ಹೋದವನು, ಏನೋ ಕಂಡು ಕನ್ನಡಕ ಹಾಕಿಕೊಂಡ. ಒಮ್ಮೆ ಓದಿದ. ಬೆರಳಿಟ್ಟು ಇನ್ನೊಮ್ಮೆ ಓದಿದ.

"ಲಿನೆಟ್," ಅಂದ, "ಸ್ವಲ್ಪ ಕೂತ್ಕೋ. ಟೀ ಕುಡೀತೀಯಾ?"

ಆರನೆಯ ಟೀ ಬರುವ ಮುಂಚೆಯೇ ಅವಳು ಆ ಸಾಲನ್ನು ತಾನೇ ಓದಿಕೊಂಡಳು. ಈ ನಮೂನೆಗೆ ಸಹಿ ಮಾಡಿದವರು, ಸಹಿ ಮಾಡಿದ ದಿನದಂದು ರಜೆಯಿಂದ ಹೊಸದಾಗಿ ಕೆಲಸಕ್ಕೆ ಮರಳಿದವರೆಂದು ಎಣಿಸಲ್ಪಡುವರು. ಹದಿಮೂರು ವಾರಗಳು ಅಂದಿನಿಂದಲೇ ಆರಂಭವಾಗುವುವು.

ರಾಜೀನಾಮೆಯನ್ನು ತಾನು ನೋಡಿಯೇ ಇಲ್ಲ ಎಂದು ಮಾಲ್ಕಮ್ ಅದನ್ನು ಮಡಿಸಿ ಅವಳ ಕೈಗೇ ವಾಪಸು ಕೊಟ್ಟ. ಅವನಿಂದ ಮಾಡಲಾಗುವ ಒಳ್ಳೆಯದು ಅಷ್ಟೇ ಇತ್ತು.

ಶನಿವಾರ ಬೆರಿಲ್ ಊರಿಗೆ ಹೊರಟರು. ಈಡಿತ್ ಬಾಗಿಲ ಗಾಜಿಗೆ ಮುಖವೊತ್ತಿ ಮಮ್ಮಾ ಎಂದು ಅತ್ತಳು, ಲಿನೆಟ್ ಅವಳನ್ನು ಎತ್ತಿಕೊಂಡರೂ ಅದೇ ಗಾಜಿನ ಕಡೆಗೆ ಕೈ ಚಾಚಿದಳು. ಸೋಮವಾರದಿಂದ ಮಗು ಶಿಶುವಿಹಾರಕ್ಕೆ, ತಾಯಿ ಕಚೇರಿಗೆ. ಸಂಬಳವನ್ನೆಲ್ಲ ಶಿಶುವಿಹಾರಕ್ಕೆ ಕಟ್ಟಿ, ಸಾಲದ್ದಕ್ಕೆ ನೀಲ್ ಭಾನುವಾರವೂ ಬಸ್ಸು ಓಡಿಸಿ, ಲಿನೆಟ್ ಇನ್ನೊಂದು ಹದಿಮೂರು ವಾರ ದೂರಿಗೆ ಉತ್ತರ ಬರೆದಳು. ಮೊದಲು ಬರೆದದ್ದು ಆ ವಿಧವೆಗೆ. ಏನು ಬರೆದಳೆಂದು ನನಗೆ ಯಾರೂ ಹೇಳಲಿಲ್ಲ.

ನನಗೆ ತಿಳಿಯದ ಇನ್ನೊಂದು ವಿಷಯವೂ ಇದೆ, ಅದೇ ಹೆಚ್ಚು ಕಾಡುತ್ತದೆ. ಆ ನಮೂನೆಯನ್ನು, ಅದರ ಕೊನೆಯ ಸಾಲನ್ನೂ ಸೇರಿಸಿ, ಎಷ್ಟೋ ವರ್ಷದ ಹಿಂದೆ ಬರೆದವರು ಮಿಸೆಸ್ ಪಿಲ್ಲಿಂಗ್ ಅವರೇ. ಸಹಿ ಹಾಕಿಸುವಾಗ ಆ ಸಾಲು ಅವರಿಗೆ ಮರೆತುಹೋಗಿತ್ತೋ, ನೆನಪಿತ್ತೋ? ಮ್ಯಾಕ್ಸೀನ್ ಒಂದು ಹೇಳುತ್ತಾಳೆ, ಬ್ಯಾರಿ ಇನ್ನೊಂದು ಹೇಳುತ್ತಾನೆ. ನನಗೆ ಗೊತ್ತಿಲ್ಲ.